ನಿಮಗಿದು ಗೊತ್ತೇ? ಉದುರಿದ ಹಲ್ಲಿಗೂ ಜೀವವಿರುತ್ತದೆ!

ಕಬಡ್ಡಿ ಆಡುವಾಗ ಬಿದ್ದೋ, ಸೈಕಲ್ಲಿನಿಂದ ಮುಗ್ಗರಿಸಿಯೋ ಹಲ್ಲು ಬುಡಸಮೇತ ಕಿತ್ತುಬಂತು ಎಂದಿಟ್ಟುಕೊಳ್ಳಿ. ಅದು ಆ ಕ್ಷಣಕ್ಕೇ ಸತ್ತಿರುವುದಿಲ್ಲ. ಹೊತ್ತು ಮೀರುವ ಮೊದಲು ಗೂಡಿಗೆ ಮರಳಿಸಿದರೆ ಅದೇ ಹಲ್ಲು ಮತ್ತೆ ಕಚ್ಚಿಕೊಳ್ಳಬಲ್ಲದು. ಹೀಗೆ ಕಿತ್ತುಬರುವುದು ಹೆಚ್ಚಾಗಿ ಮೇಲಿನ ಸಾಲಿನ ನಡುವಿನ ಬಾಚಿಹಲ್ಲುಗಳು. ಪೆಟ್ಟು ತಿನ್ನುವವರಲ್ಲಿ ಶಾಲಾಮಕ್ಕಳೇ ಜಾಸ್ತಿ.

* * *

ಜೀವ ಇರುವುದು ಬೇರಿನ ಮೇಲೆ. ಬೇರನ್ನೂ ದವಡೆಯ ಮೂಳೆಯನ್ನೂ ಬೆಸೆಯುವ ನಾರಿನ ಪದರವೊಂದಿದೆ, ದಪ್ಪ ಸುಮಾರು 0.2 ಮಿಲಿಮೀಟರ್. ಹಲ್ಲು ಕಿತ್ತಾಗ ಈ ಪದರ ಹರಿದು ಒಂದಷ್ಟು ಗೂಡಿನಲ್ಲೇ ಉಳಿಯುತ್ತದೆ, ಉಳಿದದ್ದು ಬೇರಿಗೆ ಅಂಟಿಕೊಂಡು ಬರುತ್ತದೆ. ಬೇರಿನ ಮೇಲೆ ಕಾಣುವ ಆ ಒದ್ದೆಯಾದ, ನಸುಗೆಂಪು ಎಳೆಗಳನ್ನು ಕೊಳೆಯೆಂದು ತಿಕ್ಕಿ ತೆಗೆಯಬೇಡಿ. ಹಲ್ಲು ಮತ್ತೆ ಬೆಸೆದುಕೊಳ್ಳಲು ಬೇಕಾದ ಜೀವಕೋಶಗಳು ಇರುವುದೇ ಅಲ್ಲಿ. ಬ್ರಷ್, ಸೋಪು, ಡೆಟಾಲ್ ಯಾವುದೂ ಬೇಡ. ಹಲ್ಲನ್ನು ಹಿಡಿಯುವುದಾದರೆ ಬಿಳಿ ತುದಿಯಲ್ಲಿ ಹಿಡಿಯಿರಿ. ಬೇರಿಗೆ ಬೆರಳು ತಾಗಿಸಬೇಡಿ.

* * *

ಎಷ್ಟು ಹೊತ್ತು ಇದೆ? ಡೆನ್ಮಾರ್ಕಿನ ಆಂಡ್ರಿಯಾಸೆನ್ ಮತ್ತು ಯೋರ್ಟಿಂಗ್-ಹಾನ್ಸೆನ್ 1966ರಲ್ಲಿ ಮತ್ತೆ ಕೂರಿಸಿದ 110 ಹಲ್ಲುಗಳ ಲೆಕ್ಕ ಕೊಟ್ಟರು. ಅರ್ಧ ಗಂಟೆಯೊಳಗೆ ಗೂಡು ಸೇರಿದವುಗಳಲ್ಲಿ ಶೇ 90ರಷ್ಟರ ಬೇರು ಕರಗದೆ ಉಳಿದಿತ್ತು. ಎರಡು ಗಂಟೆ ದಾಟಿದವುಗಳಲ್ಲಿ ಶೇ 95ರಷ್ಟರ ಬೇರು ಕರಗತೊಡಗಿತ್ತು. ಗಾಳಿಗೆ ಒಣಗುತ್ತ ಬಿದ್ದ ಹಲ್ಲಿನಲ್ಲಿ 30 ನಿಮಿಷ ಕಳೆಯುವಷ್ಟರಲ್ಲಿ ಬಹುಪಾಲು ಜೀವಕೋಶಗಳು ಸಾಯುತ್ತವೆ. ಹಾಗಾಗಿ ಹಲ್ಲನ್ನು ಕರವಸ್ತ್ರದಲ್ಲೋ ಹತ್ತಿಯಲ್ಲೋ ಸುತ್ತಿ ಜೇಬಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡುವ ನಮ್ಮ ಅಭ್ಯಾಸವೇ ಹಲ್ಲಿಗೆ ಮುಳುವು.

* * *

ಎಲ್ಲಕ್ಕಿಂತ ಒಳ್ಳೆಯ ಜಾಗ ಅದರದ್ದೇ ಗೂಡು! ಮಣ್ಣಾಗಿದ್ದರೆ ಹಾಲಿನಲ್ಲೋ ಸಲೈನಿನಲ್ಲೋ ಮೆಲ್ಲಗೆ ಜಾಲಿಸಿ, ಹಿಂದುಮುಂದು ನೋಡಿಕೊಂಡು ಅಲ್ಲೇ ಕೂರಿಸಿ, ಬಟ್ಟೆಯೊಂದನ್ನು ಮಡಚಿ ಕಚ್ಚಿ ಹಿಡಿಯಲು ಹೇಳಿ. ಇದನ್ನು ತಂದೆತಾಯಿಯೂ ಮಾಡಬಹುದು, ಮೇಷ್ಟ್ರೂ ಮಾಡಬಹುದು. ಆಮೇಲೆ ನೇರ ದಂತವೈದ್ಯರ ಬಳಿಗೆ. ಎಚ್ಚರ ತಪ್ಪಿದವರಿಗೆ ಮಾತ್ರ ಈ ಪ್ರಯತ್ನ ಬೇಡ, ಹಲ್ಲು ಗಂಟಲಿಗೆ ಇಳಿದೀತು.

* * *

ಕೂರಿಸಲು ಧೈರ್ಯ ಬರಲಿಲ್ಲವೇ? ಹಾಲಿನ ಲೋಟಕ್ಕೆ ಹಾಕಿ. ಹಾಲಿನಲ್ಲಿ ಕರಗಿರುವ ಲವಣ, ಸಕ್ಕರೆಗಳ ಸಾಂದ್ರತೆ ನಮ್ಮ ರಕ್ತದ್ದಕ್ಕೆ ಬಹಳ ಹತ್ತಿರ. ಹಾಗಾಗಿ ಜೀವಕೋಶಗಳು ಉಬ್ಬುವುದೂ ಇಲ್ಲ, ಸೊರಗುವುದೂ ಇಲ್ಲ. ಸ್ವೀಡನ್ನಿನ ಬ್ಲೂಮ್‌ಲೆಫ್ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲೇ ಇದನ್ನು ಪರೀಕ್ಷಿಸಿ ತೋರಿಸಿದ್ದರು. ಮೂಲೆಯಂಗಡಿಯ ನಂದಿನಿ ಪ್ಯಾಕೆಟ್ ಸಾಕು, ತಣ್ಣಗಿದ್ದರೆ ಇನ್ನೂ ಮೇಲು. ಬಿಸಿ ಹಾಲು ಬೇಡ. ಮೊಸರು, ಮಜ್ಜಿಗೆ, ಹುಳಿಬಂದ ಹಾಲು ಕೂಡದು. ಆ ಹುಳಿಯನ್ನು ಜೀವಕೋಶಗಳು ತಾಳಲಾರವು.

* * *

ಶುದ್ಧ ನೀರು ಏಕೆ ಆಗದು? ಒಣದ್ರಾಕ್ಷಿ ನೀರಿನಲ್ಲಿ ನೆನೆದು ಉಬ್ಬುವ ಹಾಗೆ ಜೀವಕೋಶಗಳೂ ನೀರು ಹೀರಿ ಉಬ್ಬುತ್ತವೆ, ಕೊನೆಗೆ ಒಡೆಯುತ್ತವೆ. ಬೇರೇನೂ ಸಿಗದಿದ್ದರೆ ಒಣಗಲು ಬಿಡುವುದಕ್ಕಿಂತ ನೀರೇ ವಾಸಿ, ಅಷ್ಟೇ.

* * *

ಭೇದಿಗೆ ಕೊಡುವ ಒಆರ್‌ಎಸ್ ಪುಡಿ ಹಲ್ಲಿಗೂ ಒದಗುತ್ತದೆ! ಪುನಶ್ಚೇತನ ಚಿಕಿತ್ಸೆಯ ಅಂತರರಾಷ್ಟ್ರೀಯ ತಜ್ಞರ ಒಕ್ಕೂಟ ಇಲ್ಕೋರ್ 2020ರಲ್ಲಿ ಹಸುವಿನ ಹಾಲಿಗಿಂತ ಒಆರ್‌ಎಸ್ ದ್ರಾವಣವನ್ನು ಮುಂದಿಟ್ಟಿತು. ಅಡುಗೆಮನೆಯ ಕ್ಲಿಂಗ್ ಫಿಲ್ಮನ್ನೂ ಅದೇ ಸಾಲಿಗೆ ಸೇರಿಸಿತು. ಹಲ್ಲನ್ನು ಅದರಲ್ಲಿ ಬಿಗಿಯಾಗಿ ಸುತ್ತಿದರೆ ತೇವ ಆರುವುದಿಲ್ಲ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಒಆರ್‌ಎಸ್ ಕಲಸಬೇಕು. ಹೆಚ್ಚುಕಮ್ಮಿಯಾದರೆ ಸಾಂದ್ರತೆ ಕೆಡುತ್ತದೆ.

* * *

ಎಳನೀರು? ಚೆನ್ನೈನ ದಂತವೈದ್ಯ ಸಂಶೋಧಕರು 2008ರಲ್ಲಿ ಒಳ್ಳೆಯ ಫಲ ಕಂಡರು. ಬ್ರೆಜಿಲಿನ ಪ್ರಯೋಗದಲ್ಲಿ ಅಷ್ಟು ಗುಣ ಕಾಣಲಿಲ್ಲ. ಎಳನೀರು ಸಹಜವಾಗಿಯೇ ಸ್ವಲ್ಪ ಆಮ್ಲೀಯ. ಹಾಲು ಸಿಗುವ ಕಡೆ ಅದರ ಗೋಜು ಬೇಡ ಎಂಬುದು ನನ್ನ ಅಭಿಪ್ರಾಯ.

* * *

ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸಲು 1940ರ ದಶಕದಲ್ಲಿ ಜಾನ್ ಹ್ಯಾಂಕ್ಸ್ ರೂಪಿಸಿದ ಲವಣ ದ್ರಾವಣವೇ ಇಂದು ಹಲ್ಲು ಕಾಪಾಡುವ ರೆಡಿಮೇಡ್ ಡಬ್ಬಿಗಳ ಒಳಗಿರುವುದು.

* * *

ಹಾಲುಹಲ್ಲಿಗೆ ಈ ಯಾವ ಉಪಚಾರವೂ ಸಲ್ಲದು. ಅದನ್ನು ಮತ್ತೆ ಕೂರಿಸಿದರೆ ಒಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿನ ಮೊಳಕೆಗೆ ಪೆಟ್ಟಾಗಬಹುದು. ಅಜ್ಜಿ ಹೇಳಿದಂತೆ ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆ ಎಸೆಯಲು ಅಡ್ಡಿಯಿಲ್ಲ! ಆದರೂ ಬಾಯಿಯ ಗಾಯವನ್ನು ವೈದ್ಯರಿಗೆ ತೋರಿಸಿ. ಏಳೆಂಟು ವರ್ಷದ ಮಕ್ಕಳ ಬಾಯಲ್ಲಿ ಎರಡೂ ಬಗೆಯ ಹಲ್ಲು ಇರುತ್ತವೆ. ಯಾವುದೆಂದು ತಿಳಿಯದಿದ್ದರೆ ಹಾಲಿನಲ್ಲಿ ಹಾಕಿಕೊಂಡೇ ಹೊರಡಿ.

* * *

ವೈದ್ಯರು ಹಲ್ಲನ್ನು ಕೂರಿಸಿ, ಪಕ್ಕದ ಹಲ್ಲುಗಳಿಗೆ ಸಣ್ಣ ತಂತಿಯಿಂದ ಸುಮಾರು ಎರಡು ವಾರ ಬಂಧಿಸುತ್ತಾರೆ. ಬೇರು ಪೂರ್ತಿ ಬಲಿತಿದ್ದರೆ ಆ ಎರಡು ವಾರದೊಳಗೆ ರೂಟ್ ಕೆನಾಲ್ ಶುರು. ಮಣ್ಣು ತಾಗಿದ ಹಲ್ಲಾದರೆ ಟೆಟನಸ್ ಚುಚ್ಚುಮದ್ದಿನ ಮಾತೂ ಬರುತ್ತದೆ. ಗಂಟೆಗಟ್ಟಲೆ ಒಣಗಿದ ಹಲ್ಲನ್ನೂ ಎಸೆಯಬೇಡಿ. ಅದರ ಬೇರನ್ನು ಕ್ರಮೇಣ ಮೂಳೆ ಆವರಿಸಿ ಕರಗಿಸುತ್ತದೆ, ನಿಜ. ಆದರೆ ಅಷ್ಟು ವರ್ಷ ಅದು ಮಗುವಿನ ಬಾಯಿಯ ಆ ಜಾಗವನ್ನೂ ಮೂಳೆಯನ್ನೂ ಕಾಯುತ್ತದೆ.

* * *

ನಿಮ್ಮೂರ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಈ ಪುಟ ತೋರಿಸಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಒಂದು ಒಆರ್‌ಎಸ್ ಪೊಟ್ಟಣ, ಬಿಗಿ ಮುಚ್ಚಳದ ಪುಟ್ಟ ಡಬ್ಬಿ ಇಡಲು ಇವತ್ತೇ ಹೇಳಿ.