ಪರದೇಶದಲ್ಲಿ ನಮ್ಮವರಿಗೆ ದಿಕ್ಕು ಯಾರು?

ನಂಜನಗೂಡಿನ ಬಳಿ ಹರಿಯುವ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು ನಮ್ಮ ಜನರಿಗೆಲ್ಲ ತಿಳಿದ ಸಂಗತಿಯೇ. ಅದೇ ಕಾವೇರಿಯ ಹೆಸರು ಹೊತ್ತ ಒಂದು ರಕ್ಷಣಾ ಕಾರ್ಯವು 2023ನೆಯ ಇಸವಿಯಲ್ಲಿ ಸುಡಾನ್ ದೇಶದಲ್ಲಿ ನಡೆದುದನ್ನು ವಾಚಕರು ಮರೆತಿರಲಾರರು. ಆ ವರ್ಷ ಏಪ್ರಿಲ್ 15ರಂದು ಅಲ್ಲಿಯ ಸೈನ್ಯಕ್ಕೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತು. ಗಿಡಮೂಲಿಕೆ, ಕೇಶತೈಲಗಳ ವ್ಯಾಪಾರಕ್ಕೆಂದು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರು ಅಲ್ಲಿ ಸಿಕ್ಕಿಬಿದ್ದರು. ಇವರು ನಮ್ಮ ಜಿಲ್ಲೆಯದೇ ಆದ ಹುಣಸೂರಿನ ಕಡೆಯವರು, ಶಿವಮೊಗ್ಗ, ಚನ್ನಗಿರಿಗಳ ಕಡೆಯವರು. ರಾಜಧಾನಿಯಿಂದ ಬಹುದೂರದ ಅಲ್-ಫಾಶಿರ್ ಪಟ್ಟಣವೊಂದರಲ್ಲಿಯೇ 31 ಮಂದಿ ಅನ್ನ ನೀರಿಗೆ ಪರದಾಡಿದರು.

ಏಪ್ರಿಲ್ 24ರಂದು ಭಾರತ ಸರಕಾರವು 'ಕಾವೇರಿ' ಕಾರ್ಯಾಚರಣೆಯನ್ನು ಸಾರಿತು. ನೌಕಾಪಡೆಯ ಹಡಗುಗಳು ಪೋರ್ಟ್ ಸುಡಾನಿನಿಂದ ಜೆಡ್ಡಾ ನಗರಕ್ಕೆ ಜನರನ್ನು ಸಾಗಿಸಿದವು. ವಾದಿ ಸಯ್ಯಿದ್ನಾದ ಕಿರಿದಾದ ನೆಲದಾರಿಯಲ್ಲಿ ವಾಯುಪಡೆಯ ವಿಮಾನವು ರಾತ್ರಿಯ ಹೊತ್ತಿನಲ್ಲಿ ಇಳಿದು 121 ಮಂದಿಯನ್ನು ಕರೆತಂದಿತು. ಮೇ 5ರ ವೇಳೆಗೆ ಒಟ್ಟು 3,862 ಜನರು ಪಾರಾಗಿದ್ದರು. ನಮ್ಮ ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರವು ಸಿಕ್ಕಿಬಿದ್ದವರ ವಿವರಗಳನ್ನು ಕಲೆಹಾಕಿತ್ತು. ಈ ಕಾರ್ಯದಲ್ಲಿ ದುಡಿದವರೆಲ್ಲರೂ ಅಭಿನಂದನಾರ್ಹರು.

ಆದರೆ ಆ ದಿನಗಳ ಇನ್ನೊಂದು ಪ್ರಸಂಗವನ್ನೂ ನಾವು ನೆನೆಯಬೇಕಾಗಿದೆ. ಅದು ವಿಧಾನಸಭಾ ಚುನಾವಣೆಯ ಕಾಲ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳ ಗ್ರಾಮಗಳನ್ನೊಳಗೊಂಡ ವರುಣಾ ಕ್ಷೇತ್ರದ ಅಭ್ಯರ್ಥಿಯಾಗಿದ್ದ ಶ್ರೀ ಸಿದ್ದರಾಮಯ್ಯನವರು ಈ ಜನರ ಪರವಾಗಿ ಬಹಿರಂಗ ಮನವಿ ಮಾಡಿದರು. ವಿದೇಶಾಂಗ ಸಚಿವರಾದ ಶ್ರೀ ಜೈಶಂಕರರು ಇದರಲ್ಲಿ ರಾಜಕೀಯವನ್ನು ಬೆರೆಸಬಾರದೆಂದು ಉತ್ತರವಿತ್ತರು. ಯಾರ ಮಾತು ಸರಿ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಪರದೇಶದಲ್ಲಿ ಆಪತ್ತಿಗೊಳಗಾದ ಬಡವನ ಕೂಗು ಪ್ರಮುಖರ ಬಾಯಿಂದ ಬಂದಾಗ ಮಾತ್ರ ಕೇಳಿಸುವಂತಿರಬಾರದು ಎಂಬುದೊಂದೇ ನಮ್ಮ ಅಭಿಪ್ರಾಯ.

ಲಾಭಕ್ಕೆಂದು ಹೋದವರು ನಷ್ಟವನ್ನೂ ತಾವೇ ಅನುಭವಿಸಲಿ ಎನ್ನುವವರು ಕೆಲವರಿದ್ದಾರೆ. ಇದು ಸ್ವತಂತ್ರ ದೇಶದ ಪ್ರಜೆಗಳು ಆಡತಕ್ಕ ಮಾತಲ್ಲ. 1947ಕ್ಕೆ ಮುಂಚೆ ಮೈಸೂರು ಸಂಸ್ಥಾನದವನು ಸಮುದ್ರ ದಾಟಿದರೆ ಅವನ ಯೋಗಕ್ಷೇಮವು ಬ್ರಿಟಿಷ್ ಪ್ರತಿನಿಧಿಗಳ ಕೈಯಲ್ಲಿತ್ತು. ಸಂಸ್ಥಾನಕ್ಕೆ ಸ್ವಂತ ರಾಯಭಾರಿ ಇರಲಿಲ್ಲ. ಈಗ ನಮ್ಮ ಪಾಸ್‌ಪೋರ್ಟಿನಲ್ಲಿ, ಇದನ್ನು ಹೊಂದಿದವರಿಗೆ ಎಲ್ಲ ನೆರವನ್ನೂ ರಕ್ಷಣೆಯನ್ನೂ ಕೊಡಬೇಕೆಂಬ ಕೋರಿಕೆಯು ರಾಷ್ಟ್ರಪತಿಗಳ ಹೆಸರಿನಲ್ಲಿಯೇ ಅಚ್ಚಾಗಿದೆ. ಅದು ಶ್ರೀಮಂತನಿಗೂ ಕೇಶತೈಲ ಮಾರುವವನಿಗೂ ಒಂದೇ. 1963ರ ವಿಯೆನ್ನಾ ಒಡಂಬಡಿಕೆಯಂತೆ, ಪರದೇಶದಲ್ಲಿ ಬಂಧಿತನಾದವನು ಕೇಳಿಕೊಂಡರೆ ಅಲ್ಲಿಯ ಅಧಿಕಾರಿಗಳು ಅವನ ದೇಶದ ಕಾನ್ಸುಲ್ ಕಚೇರಿಗೆ ತಡಮಾಡದೆ ತಿಳಿಸಬೇಕು. ಈ ಹಕ್ಕು ತನಗಿದೆಯೆಂದು ಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ರಾಯಭಾರ ಕಚೇರಿಯಿಂದ ಆಗುವುದೇನು, ಆಗದಿರುವುದೇನು ಎಂಬುದನ್ನೂ ಹೊರಡುವ ಮೊದಲೇ ಅರಿತಿರಬೇಕು. ಪಾಸ್‌ಪೋರ್ಟು ಕಳೆದರೆ ಅಲ್ಲಿಯ ಪೋಲೀಸರಿಗೆ ದೂರಿತ್ತು, ಅದರ ಪ್ರತಿಯೊಡನೆ ಕಚೇರಿಗೆ ಹೋದರೆ, ವಿಚಾರಣೆಯ ತರುವಾಯ ಸ್ವದೇಶಕ್ಕೆ ಒಂದೇ ಸಲ ಮರಳಲು ತುರ್ತು ಪ್ರಮಾಣಪತ್ರ ದೊರೆಯುವುದು. ಕಚೇರಿಯವರು ಸೆರೆಯಲ್ಲಿರುವವರನ್ನು ಕಂಡು ವಿಚಾರಿಸಬಲ್ಲರು. ಮೃತರ ದೇಹವನ್ನು ಊರಿಗೆ ಕಳುಹಿಸಲು ನೆರವಾಗಬಲ್ಲರು. ನಿರ್ಗತಿಕರಾದ ಅರ್ಹರಿಗೆ ವಸತಿ, ಚಿಕಿತ್ಸೆ, ಮರುಪ್ರಯಾಣಗಳಿಗಾಗಿ 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯುಂಟು. ಆದರೆ ಅವರು ಪರರಾಜ್ಯದ ನ್ಯಾಯಾಲಯದ ತೀರ್ಪನ್ನು ತಿದ್ದಲಾರರು, ಸೆರೆಯ ಬಾಗಿಲನ್ನು ತೆರೆಸಲಾರರು, ಎಲ್ಲರ ಆಸ್ಪತ್ರೆಯ ಖರ್ಚನ್ನೂ ಕಟ್ಟಲಾರರು.

ಎಲ್ಲಕ್ಕಿಂತ ಮಿಗಿಲಾಗಿ, ತಾವು ಅಲ್ಲಿರುವ ಸಂಗತಿಯೇ ಗೊತ್ತಿಲ್ಲದವರನ್ನು ಯಾವ ರಾಯಭಾರಿಯೂ ಹುಡುಕಲಾರನು. ಪರದೇಶದಲ್ಲಿ ನೆಲೆಸುವವರು ಹತ್ತಿರದ ಭಾರತೀಯ ಕಚೇರಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಸಲಹೆಯು ಪಾಸ್‌ಪೋರ್ಟಿನಲ್ಲಿಯೇ ಇದೆ. ಆದರೆ ಅದನ್ನು ಓದುವವರೇ ವಿರಳ. ಚಿಕ್ಕ ಕಾಗದವೊಂದರ ಬೆಲೆಯೂ ಸುಡಾನಿನ ಪ್ರಸಂಗದಲ್ಲಿಯೇ ತಿಳಿಯಿತು. ಸಾವಿನ ದವಡೆಯಿಂದ ಪಾರಾಗಿ ಬಂದವರಲ್ಲಿ ಹಳದಿಜ್ವರದ ಚುಚ್ಚುಮದ್ದಿನ ಪತ್ರವಿಲ್ಲದವರು ತಾಯ್ನಾಡಿಗೆ ಬಂದ ಮೇಲೂ ಮನೆ ಸೇರಲಾರದೆ ಕೆಲವು ದಿನ ಪ್ರತ್ಯೇಕವಾಗಿ ಇರಬೇಕಾಯಿತು.

2017ರ ಜನವರಿಯಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವು ದೇಶದಲ್ಲಿ ಮೊಟ್ಟಮೊದಲು ತೆರೆದ ಊರುಗಳಲ್ಲಿ ಮೈಸೂರೂ ಒಂದು. ಪಾಸ್‌ಪೋರ್ಟು ಪಡೆಯುವುದು ಹೀಗೆ ಸುಲಭವಾಯಿತು. ಅದನ್ನು ಹಿಡಿದು ಹೋದವನು ಕಷ್ಟದಲ್ಲಿ ಏನು ಮಾಡಬೇಕೆಂಬ ತಿಳಿವಳಿಕೆ ಮಾತ್ರ ಹಳ್ಳಿಗೆ ಮುಟ್ಟಿಲ್ಲ. ನಂಜನಗೂಡು, ಟಿ. ನರಸೀಪುರಗಳ ತಾಲ್ಲೂಕು ಕಚೇರಿಗಳಲ್ಲಿ ಈ ವಿಷಯಗಳನ್ನು ಸರಳವಾದ ಕನ್ನಡದಲ್ಲಿ ಅಚ್ಚು ಹಾಕಿಸಿ ಹಂಚಬೇಕು. ಹೊರಡುವವರು ತಮ್ಮ ಹೆಸರು, ಹೋಗುವ ಊರು, ಪಾಸ್‌ಪೋರ್ಟಿನ ಸಂಖ್ಯೆಗಳನ್ನು ಇಷ್ಟವಿದ್ದರೆ ಬರೆಸಿ ಹೋಗಲು ಗ್ರಾಮ ಪಂಚಾಯಿತಿಯಲ್ಲಿ ಒಂದು ಪುಸ್ತಕವಿರಬೇಕು. ಮನೆಯವರ ಬಳಿಯೂ ಪ್ರತಿಯೊಂದಿರಬೇಕು. ಇದಕ್ಕೆ ಹೊಸ ಕಾನೂನಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ತಹಸೀಲ್ದಾರರ ಆಸಕ್ತಿಯೂ ವಿದ್ಯಾವಂತರಾದ ಪುರಜನರ ಸಹಕಾರವೂ ಇದ್ದರೆ ಸಾಕು. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಪದ್ಧತಿಯನ್ನು ನಮ್ಮ ಅಧಿಕಾರಿಗಳು ಇನ್ನಾದರೂ ಬಿಡುವರೆಂದು ನಾವು ನಂಬಿದ್ದೇವೆ.