ನಿಮಗಿದು ಗೊತ್ತೇ? ಆದವಾನಿ ಬಿಸಿಲಿಗೆ ಎಂಥ ಲ್ಯಾಪ್‌ಟಾಪ್?

ಮೇ ತಿಂಗಳಲ್ಲಿ ಆದವಾನಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರಿದರೆ ಬ್ಯಾಟರಿಯ ಸಾಮರ್ಥ್ಯ ಶಾಶ್ವತವಾಗಿ ಕುಗ್ಗಬಹುದೆಂದು ಆಪಲ್ ಕಂಪನಿಯೇ ಎಚ್ಚರಿಸುತ್ತದೆ. ಹೊಳಗುಂದ, ಕೌತಾಳದ ಕಡೆ ಲ್ಯಾಪ್‌ಟಾಪ್ ಕೊಳ್ಳುವವರು ಅದು ಎಷ್ಟು ಬಿಸಿಯಾಗುತ್ತದೆ ಎಂಬುದನ್ನೇ ಮೊದಲು ವಿಚಾರಿಸಬೇಕು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಬರೀ ಭಾಗಾಕಾರದ ಲೆಕ್ಕ! 50 ವ್ಯಾಟ್-ಅವರ್ ಬ್ಯಾಟರಿಯಿಂದ ಯಂತ್ರ ಸರಾಸರಿ 10 ವ್ಯಾಟ್ ಎಳೆದರೆ 5 ಗಂಟೆ, 5 ವ್ಯಾಟ್ ಎಳೆದರೆ 10 ಗಂಟೆ.

ಅಂಗಡಿಯಲ್ಲಿ ಎಲ್ಲರೂ ಕೇಳುವುದು ‘ಐ5 ಇದೆಯಾ, ಐ7 ಇದೆಯಾ’ ಎಂದು. ಅದಕ್ಕಿಂತ ಮುಖ್ಯವಾದದ್ದು ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ! ಇಂಟೆಲ್‌ನ 12, 13ನೇ ಪೀಳಿಗೆಯಲ್ಲಿ ‘ಯು’ ಎಂದಿದ್ದರೆ ಮೂಲ ಬಳಕೆ ಸಾಮಾನ್ಯವಾಗಿ 15 ವ್ಯಾಟ್, ‘ಪಿ’ಗೆ 28, ‘ಎಚ್’ಗೆ 45, ‘ಎಚ್‌ಎಕ್ಸ್’ಗೆ 55. ಕೆಲಸ ಜೋರಾದರೆ ಎಲ್ಲವೂ ಇನ್ನೂ ಮೇಲೇರುತ್ತವೆ. ಆನ್‌ಲೈನ್ ಪಾಠ ಕೇಳಲು, ಅರ್ಜಿ ತುಂಬಲು ‘ಎಚ್’ ಕೊಳ್ಳುವುದು ದುಡ್ಡು ದಂಡ.

ವೇಗ ಇಷ್ಟು ದುಬಾರಿ ಯಾಕೆ? ವೇಗ ಹೆಚ್ಚಿಸಲು ವೋಲ್ಟೇಜನ್ನೂ ಏರಿಸಬೇಕಾಗುತ್ತದೆ, ಚಿಪ್ಪಿನ ವಿದ್ಯುತ್ ಖರ್ಚಿನ ಬಹುಪಾಲು ವೋಲ್ಟೇಜಿನ ವರ್ಗದಂತೆ ಏರುತ್ತದೆ. ಅದಕ್ಕೇ ಇಂಟೆಲ್ 2021ರಲ್ಲಿ ಬಂದ 12ನೇ ಪೀಳಿಗೆಯಿಂದ ದೊಡ್ಡ ಕೋರ್‌ಗಳ ಪಕ್ಕ ಮಿತವ್ಯಯದ ಸಣ್ಣ ಕೋರ್‌ಗಳನ್ನೂ ಕೂರಿಸಿತು. ಮೊಬೈಲಿನ ಆರ್ಮ್ ಚಿಪ್‌ಗಳಲ್ಲಿ ಈ ಏರ್ಪಾಡು ಮುಂಚೆಯೇ ಇತ್ತು.

ಆರ್ಮ್ ಜಾತಿಯದೇ ಎಂ1 ಚಿಪ್ ಹೊತ್ತ 2020ರ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಇಲ್ಲ! ಸುಮಾರು 50 ವ್ಯಾಟ್-ಅವರ್ ಬ್ಯಾಟರಿಯಲ್ಲಿ 18 ಗಂಟೆವರೆಗೆ ವಿಡಿಯೊ ಓಡುತ್ತದೆಂದು ಕಂಪನಿ ಹೇಳಿಕೊಂಡಿತ್ತು. ಹತ್ತಿಯ ಊರಾದ ಆದವಾನಿಗೆ ಇದರಲ್ಲಿ ಇನ್ನೊಂದು ಲಾಭವೂ ಇದೆ. ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಲ್ಯಾಪ್‌ಟಾಪನ್ನು ತಿರುವಿ ನೋಡಿ, ಗಾಳಿಕಿಂಡಿಗೆ ಬಿಳಿ ಧೂಳು, ಎಳೆ ಮೆತ್ತಿಕೊಂಡಿರುತ್ತದೆ. ಬಿಸಿ ಹೊರಹೋಗದೆ ಫ್ಯಾನ್ ಒಂದೇ ಸಮನೆ ಕೂಗುತ್ತದೆ, ಪ್ರೊಸೆಸರ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಫ್ಯಾನ್ ಇಲ್ಲದ್ದಕ್ಕೆ ಈ ಕಾಟವಿಲ್ಲ, ಆದರೆ ಅದಕ್ಕೂ ಮಿತಿಯುಂಟು. ಗಂಟೆಗಟ್ಟಲೆ ವಿಡಿಯೊ ಎಡಿಟಿಂಗ್ ಮಾಡಿದರೆ ಅದೂ ನಿಧಾನವಾಗುತ್ತದೆ.

2024ರಿಂದ ಮಾರುಕಟ್ಟೆಯಲ್ಲಿರುವ ಸ್ನಾಪ್‌ಡ್ರಾಗನ್ ಎಕ್ಸ್ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲೂ ಆರ್ಮ್ ಚಿಪ್ಪೇ. ಇಂಟೆಲ್, ಎಎಂಡಿಗೆಂದು ಬರೆದ ಸಾಫ್ಟ್‌ವೇರ್ ಅವುಗಳಲ್ಲಿ ಎಮ್ಯುಲೇಶನ್ ಮೂಲಕ, ಅಂದರೆ ಆ ಚಿಪ್ಪನ್ನು ಅನುಕರಿಸುತ್ತಾ ಓಡುತ್ತದೆ, ಬ್ಯಾಟರಿ ಹೆಚ್ಚು ತಿನ್ನುತ್ತದೆ. ಹಳೆಯ ಪ್ರಿಂಟರಿಗೆ ಡ್ರೈವರ್ ಸಿಗದೇ ಹೋಗಬಹುದು. ಕನ್ನಡ ಟೈಪಿಂಗಿಗೆ ನುಡಿ, ಲೆಕ್ಕಕ್ಕೆ ಟ್ಯಾಲಿ ಬಳಸುವವರು ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಹಾಕಿಸಿ ನೋಡಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ 20 ವರ್ಷಕ್ಕೂ ಹಿಂದೆ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಓಡುತ್ತಿದ್ದದ್ದೂ ಆರ್ಮ್ ಜಾತಿಯ ಚಿಪ್ಪಿನ ಮೇಲೆಯೇ! ಅದಕ್ಕೆ ಸಾಕಾಗುತ್ತಿದ್ದದ್ದು ಕೇವಲ 3 ಎಎಎ ಸೆಲ್. ಹಳ್ಳಿಯವರ ಕೈಗೆಂದೇ ಮಾಡಿದ ಆ ಯಂತ್ರಕ್ಕಾಗಿ ಕನ್ನಡವನ್ನು ಓದಿ ಹೇಳುವ ತಂತ್ರಾಂಶವೂ ಸಿದ್ಧವಾಗಿತ್ತು. ಹೆಮ್ಮೆಯಿಂದ ನೆನೆಯಬೇಕಾದ ಕೆಲಸ ಅದು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಚಾರ್ಜನ್ನು ಶೇ. 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಇವತ್ತೇ ಹಾಕಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮಾತ್ರ ಲ್ಯಾಪ್‌ಟಾಪನ್ನು ಬಿಟ್ಟು ಹೋಗಬೇಡಿ.