ಹತ್ತು ರೂಪಾಯಿ ಫರಕು ತರುವ ಎರಡು ಸಾಲು

ನೇಕಾರರ ಊರು ಬೆಟಗೇರಿಯ ಒಂದು ಸೀರೆ ಅಂಗಡಿಯ ಲೆಕ್ಕ ಹಿಡಿಯೋಣ. ಕೈಮಗ್ಗದ ಸೀರೆಯ ಬೆಲೆ 2,000 ರೂಪಾಯಿ. ಅದರಲ್ಲಿ 200 ಬಿಟ್ಟು, ಉಳಿದದ್ದಕ್ಕೆ ಶೇ 5ರ ತೆರಿಗೆ ಹಾಕಿದರೆ ಗಿರಾಕಿ ಕೊಡಬೇಕಾದದ್ದು 1,890. ಮೊದಲೇ ತೆರಿಗೆ ಹಾಕಿ ಆಮೇಲೆ 200 ಕಳೆದರೆ 1,900. ಹಿಂದುಮುಂದಾದದ್ದಕ್ಕೇ ಹತ್ತು ರೂಪಾಯಿ ಫರಕು. ಪೈಥಾನ್ ಕಲಿಯುವವರು ಡೆಕೊರೇಟರುಗಳನ್ನು ಒಂದರ ಮೇಲೊಂದು ಪೇರಿಸುವಾಗ ತಡವರಿಸುವುದೂ ಇಲ್ಲೇ.

ಡೆಕೊರೇಟರ್ ಎಂದರೆ ಒಂದು ಫಂಕ್ಷನ್ ಅನ್ನು ತೆಗೆದುಕೊಂಡು, ಅದರ ಒಳಗನ್ನು ಮುಟ್ಟದೆ, ಹೊರಗಿನಿಂದ ಹೊಸ ಕೆಲಸ ಸೇರಿಸಿ ಹಿಂತಿರುಗಿಸುವ ಇನ್ನೊಂದು ಫಂಕ್ಷನ್. @ ಚಿಹ್ನೆಯ ಈ ಬರವಣಿಗೆ ಬಂದದ್ದು 2004ರಲ್ಲಿ, ಪೈಥಾನ್ 2.4ರ ಜೊತೆಗೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ನಮ್ಮ ಮಕ್ಕಳಿಗೆ ಈ ಸಂಗತಿಯನ್ನು ಯಾರಾದರೂ ಹೇಳಲೇಬೇಕು. ಶೇ 5 ಸೇರಿಸುವ ತೆರಿಗೆ, 200 ಕಳೆಯುವ ರಿಯಾಯಿತಿ ಎಂಬ ಎರಡು ಡೆಕೊರೇಟರುಗಳನ್ನು ಮೊದಲೇ ಬರೆದಿಟ್ಟುಕೊಂಡು, ಸೀರೆಯ ಬೆಲೆ ಹೇಳುವ ಫಂಕ್ಷನ್‌ನ ಮೇಲೆ ಹೀಗೆ ಬರೆದರೆ ಪೈಥಾನ್ ತಕರಾರಿಲ್ಲದೆ ಒಪ್ಪುತ್ತದೆ:

@ತೆರಿಗೆ
@ರಿಯಾಯಿತಿ

ಇದನ್ನು ಕೆಳಗಿನಿಂದ ಓದಬೇಕು. ಫಂಕ್ಷನ್‌ಗೆ ಹತ್ತಿರವಿರುವ ರಿಯಾಯಿತಿ ಮೊದಲು ಸುತ್ತಿಕೊಳ್ಳುತ್ತದೆ, ತೆರಿಗೆ ಅದರ ಹೊರಗೆ ಕೂರುತ್ತದೆ. ಬೆಲೆ ಕೇಳಿದಾಗ ಕರೆ ಮೊದಲು ತೆರಿಗೆಗೆ ಹೋಗಿ, ರಿಯಾಯಿತಿಯನ್ನು ದಾಟಿ, ಮೂಲ ಫಂಕ್ಷನ್ ತಲುಪುತ್ತದೆ. ಉತ್ತರ ಅದೇ ದಾರಿಯಲ್ಲಿ ಮರಳುವಾಗ 2,000 ಇದ್ದದ್ದು 1,800 ಆಗಿ, ಕೊನೆಗೆ 1,890 ಆಗುತ್ತದೆ. ಎರಡು ಸಾಲು ಅದಲುಬದಲಾದರೆ 1,900. ಆಗಲೂ ಪೈಥಾನ್ ಯಾವ ತಪ್ಪನ್ನೂ ತೋರಿಸುವುದಿಲ್ಲ, ಅದರ ಮಟ್ಟಿಗೆ ಎರಡೂ ಸರಿ. ಅಂಗಡಿಯ ಲೆಕ್ಕ ಯಾವುದೆಂದು ಬರೆಯುವವರಿಗೇ ಗೊತ್ತಿರಬೇಕು.

ಇದಕ್ಕಿಂತ ಸುಲಭವಾಗಿ ಕಣ್ಣು ತಪ್ಪಿಸುವ ಜೋಡಿಯೊಂದಿದೆ. ಒಮ್ಮೆ ಬಂದ ಉತ್ತರವನ್ನು ನೆನಪಿಟ್ಟುಕೊಳ್ಳುವ ಡೆಕೊರೇಟರ್ 2011ರ 3.2ನೇ ಆವೃತ್ತಿಯಿಂದ ಪೈಥಾನ್‌ನಲ್ಲೇ ಸಿಗುತ್ತದೆ. ಪ್ರತಿ ಕರೆಯನ್ನು ದಾಖಲಿಸುವ ಡೆಕೊರೇಟರ್ ಒಂದನ್ನು ನೀವು ಬರೆದು ಅದರ ಒಳಗಿಟ್ಟಿರಿ ಎನ್ನೋಣ. ಅದೇ ಪ್ರಶ್ನೆ ಎರಡನೇ ಸಲ ಬಂದಾಗ ಹೊರಗಿನದೇ ಉತ್ತರ ಕೊಟ್ಟುಬಿಡುತ್ತದೆ, ದಾಖಲೆ ಬೀಳುವುದೇ ಇಲ್ಲ. ಪ್ರತಿ ಕರೆಯ ಲೆಕ್ಕವೂ ಬೇಕಿದ್ದರೆ ದಾಖಲಿಸುವುದು ಹೊರಗಿರಬೇಕು.

ಸುತ್ತಿದ ಮೇಲೆ ಫಂಕ್ಷನ್ ತನ್ನ ಹೆಸರು, ವಿವರಣೆ ಎರಡನ್ನೂ ಕಳೆದುಕೊಳ್ಳುತ್ತದೆ. ಪೈಥಾನ್‌ನ ಜೊತೆಗೇ ಬರುವ ಫಂಕ್‌ಟೂಲ್ಸ್ (functools) ಮಾಡ್ಯೂಲ್‌ನಲ್ಲಿರುವ ರ‍್ಯಾಪ್ಸ್ ಅವನ್ನು ಉಳಿಸುತ್ತದೆ. ಪ್ರತಿ ಪದರದಲ್ಲೂ ಅದನ್ನು ಬಳಸಿ.

ಗದಗ, ಮುಂಡರಗಿ, ಲಕ್ಷ್ಮೇಶ್ವರದ ಕಡೆ ಪೈಥಾನ್ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಡೆಕೊರೇಟರ್ ಪಾಠದ ದಿನ ಈ ಸೀರೆಯ ಲೆಕ್ಕವನ್ನು ಕನ್ನಡದ ಹೆಸರುಗಳಲ್ಲೇ ಮಾಡಿಸಿ. ಎರಡು ಸಾಲನ್ನು ಅದಲುಬದಲು ಮಾಡುವ ಕೆಲಸ ಮಕ್ಕಳಿಗೇ ಬಿಡಿ.